‘ಸ್ಕೂಲ್ ಆಡೋಕೆ ಬಂದಿಲ್ಲ’: ಅಮೆರಿಕದ ಕಾಲೇಜು ಫುಟ್ಬಾಲ್ ಮತ್ತು ಮಾರ್ಕ್ಸ್ ಕಾರ್ಡು

2012ರ ಅಕ್ಟೋಬರ್. ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಫುಟ್ಬಾಲ್ ತಂಡದಲ್ಲಿ ಕಾರ್ಡೇಲ್ ಜೋನ್ಸ್ ಎಂಬ ಹುಡುಗನಿದ್ದ. ತಂಡದ ಆಟ ನಡೆಸುತ್ತಾ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಮೂರನೇ ನಂಬರಿನವನು. ಅಂದರೆ ಮುಂದಿರುವ ಇಬ್ಬರಿಗೂ ಏಟು ಬಿದ್ದರೆ ಮಾತ್ರ ಇವನಿಗೆ ಮೈದಾನ. ಒಂದು ದಿನ ಟ್ವಿಟ್ಟರಿನಲ್ಲಿ ಬರೆದುಬಿಟ್ಟ: ನಾವು ಇಲ್ಲಿಗೆ ಬಂದಿದ್ದು ಫುಟ್ಬಾಲ್ ಆಡೋಕೆ, ಸ್ಕೂಲ್ ಆಡೋಕಲ್ಲ. ಮತ್ತೆ ಕ್ಲಾಸಿಗೆ ಯಾಕೆ ಹೋಗಬೇಕು?

ಜನ ಬಿದ್ದು ಬಿದ್ದು ನಕ್ಕರು. ಹುಡುಗ ಅದನ್ನು ಅಳಿಸಿದ. ಎರಡು ವರ್ಷ ಕಳೆದ ಮೇಲೆ ನಿಜಕ್ಕೂ ಮುಂದಿನ ಇಬ್ಬರಿಗೂ ಏಟು ಬಿತ್ತು. ಜೋನ್ಸ್ ಮೈದಾನಕ್ಕಿಳಿದ. ಕೊನೆಯ ಮೂರು ಪಂದ್ಯಗಳನ್ನೂ ಗೆದ್ದು 2015ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ತಂದುಕೊಟ್ಟ. 2017ರಲ್ಲಿ ಡಿಗ್ರಿಯನ್ನೂ ಮುಗಿಸಿದ. ಪದವಿ ದಿನ ತಲೆ ಮೇಲಿದ್ದ ಟೋಪಿಯಲ್ಲಿ ಅದೇ ಹಳೆಯ ಸಾಲು ಬರೆದಿತ್ತು.

ಆ ಸಾಲನ್ನು ಎಲ್ಲರೂ ಪೆದ್ದುತನ ಅಂದರು. ನನಗೆ ಹಾಗನ್ನಿಸುವುದಿಲ್ಲ. ಅವನನ್ನು ಕರೆತಂದಿದ್ದೇ ಆಟಕ್ಕೆ. ಅದು ಕೋಚ್‌ಗೆ ಗೊತ್ತು, ಕಾಲೇಜಿಗೆ ಗೊತ್ತು, ಟಿಕೆಟ್ ಕೊಂಡು ಸ್ಟೇಡಿಯಂ ತುಂಬುವ ಲಕ್ಷ ಜನಕ್ಕೂ ಗೊತ್ತು. ಬಾಯಿಬಿಟ್ಟು ಹೇಳಬಾರದಿತ್ತು, ಅಷ್ಟೆ.

ಇಲ್ಲಿ ಫುಟ್ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಆ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ನಿಯಮವಿದೆ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗುವ ತನಕ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಬೇಸ್‌ಬಾಲ್ ಹುಡುಗನಿಗೆ ಹೈಸ್ಕೂಲಿನಿಂದ ನೇರ ವೃತ್ತಿಪರ ತಂಡಕ್ಕೆ ಹೋಗುವ ದಾರಿಯಿದೆ. ಫುಟ್ಬಾಲ್ ಹುಡುಗನಿಗೆ ಇಲ್ಲ. ಆ ಮೂರು ವರ್ಷ ಅವನು ಎಲ್ಲಿ ಆಡಬೇಕು? ಕಾಲೇಜಿನಲ್ಲಿ. ಓದಲು ಮನಸ್ಸಿರಲಿ ಬಿಡಲಿ, ತಯಾರಿ ಇರಲಿ ಬಿಡಲಿ, ದಾರಿ ಹೆಚ್ಚುಕಡಿಮೆ ಅದೊಂದೇ. ಈ ಲೇಖನದ ಅರ್ಧ ತಲೆನೋವು ಹುಟ್ಟುವುದೇ ಇಲ್ಲಿಂದ.

ಸರಿ, ಅಂಥ ಹುಡುಗನಿಗೆ ಸೀಟು ಹೇಗೆ ಸಿಗುತ್ತದೆ? ಗೇಟು ಎರಡಿವೆ. ಇವೆರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ.

ಮೊದಲ ಗೇಟು ಎನ್‌ಸಿಎಎ ಎಂಬ ಸಂಸ್ಥೆಯದು. ಕಾಲೇಜು ಕ್ರೀಡೆಗಳನ್ನು ನಡೆಸುವ ಒಕ್ಕೂಟ ಅದು. ಆಡುವ ಅರ್ಹತೆ ಇದೆಯೇ ಇಲ್ಲವೇ ಎನ್ನುವುದಷ್ಟನ್ನೇ ಅದು ನೋಡುತ್ತದೆ. ಈಗಿನ ಲೆಕ್ಕ ಹೀಗಿದೆ: ಹೈಸ್ಕೂಲಿನ ನಾಲ್ಕು ವರ್ಷದಲ್ಲಿ 16 ಮುಖ್ಯ ಕೋರ್ಸು ಮುಗಿಸಿರಬೇಕು. ಅದರಲ್ಲಿ ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಉಳಿದವು ಇತರೆ. ಕೊನೆಯ ವರ್ಷ ಶುರುವಾಗುವ ಮೊದಲೇ 10 ಕೋರ್ಸು ಮುಗಿದಿರಬೇಕು. ಈ 16ರಲ್ಲಿ ಗ್ರೇಡುಗಳ ಸರಾಸರಿ, ಅಂದರೆ ಜಿಪಿಎ, 4ಕ್ಕೆ ಕನಿಷ್ಠ 2.3 ಬರಬೇಕು. ಸಿ ಪ್ಲಸ್ ಅನ್ನಿ. 2.0ರಿಂದ 2.3ರ ನಡುವೆ ನಿಂತವನಿಗೆ ಸ್ಕಾಲರ್‌ಶಿಪ್ ಸಿಗುತ್ತದೆ, ಪ್ರಾಕ್ಟೀಸ್ ಮಾಡಬಹುದು, ಆದರೆ ಮೊದಲ ವರ್ಷ ಪಂದ್ಯ ಆಡುವಂತಿಲ್ಲ. ಇದಕ್ಕೆ ಅಕಾಡೆಮಿಕ್ ರೆಡ್‌ಶರ್ಟ್ ಎನ್ನುತ್ತಾರೆ.

ನಮ್ಮಲ್ಲಿ ಟೆನಿಸ್, ಈಜು ಅಂತ ಮಕ್ಕಳನ್ನು ಅಮೆರಿಕದ ಕಾಲೇಜಿಗೆ ಕಳಿಸುವ ಆಸೆಯಿರುವವರು ಇಲ್ಲೊಂದು ಮಾತು ಗಮನಿಸಿ. ಒಂಬತ್ತನೇ ಕ್ಲಾಸಿನಿಂದಲೇ ದಾಖಲೆ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಜೋಪಾನ ಮಾಡಿ ಒಂಬತ್ತನೆಯದನ್ನು ರದ್ದಿಗೆ ಹಾಕಿದರೆ ಆಮೇಲೆ ಶಾಲೆಗೆ ಅಲೆದಾಟ.

ಎರಡನೇ ಗೇಟು ಯೂನಿವರ್ಸಿಟಿಯದೇ. ಎನ್‌ಸಿಎಎ ಒಪ್ಪಿದ ಮಾತ್ರಕ್ಕೆ ಸೀಟು ಕೊಡಬೇಕೆಂದೇನೂ ಇಲ್ಲ. ಆದರೆ ಬಹಳಷ್ಟು ಕಡೆ ಕೊಡುತ್ತಾರೆ, ‘ವಿಶೇಷ ಪ್ರವೇಶ’ ಎಂಬ ಹಿಂಬಾಗಿಲಿನಿಂದ. ಹಿಂಬಾಗಿಲು ಅಂದರೆ ಕದ್ದುಮುಚ್ಚಿ ಅಲ್ಲ, ನಿಯಮದಲ್ಲೇ ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗಳ ನಿಯಮ ನೋಡಿ. ಹೊಸದಾಗಿ ಸೇರುವವರಲ್ಲಿ 100ಕ್ಕೆ 6ರ ತನಕ, ಮಾಮೂಲಿ ಅರ್ಹತೆ ಇಲ್ಲದವರನ್ನೂ ತೆಗೆದುಕೊಳ್ಳಬಹುದು. ಆಟಗಾರರಿಗೇ ಅಂತ ಮಾಡಿದ್ದಲ್ಲ ಅದು. ಆದರೆ ಆಟಗಾರರಿಗೂ ಬಳಸುತ್ತಾರೆ.

ಉಳಿದ ವಿದ್ಯಾರ್ಥಿಗಳಿಗೂ ಇವರಿಗೂ ಅಂತರ ಎಷ್ಟು? 2008ರಲ್ಲಿ ಅಟ್ಲಾಂಟಾದ ಒಂದು ದಿನಪತ್ರಿಕೆ 50ಕ್ಕೂ ಹೆಚ್ಚು ಸರ್ಕಾರಿ ಯೂನಿವರ್ಸಿಟಿಗಳ ದಾಖಲೆ ತರಿಸಿ ಲೆಕ್ಕ ಹಾಕಿತು. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಫುಟ್ಬಾಲ್ ಆಟಗಾರರ ಸರಾಸರಿ, ಕಾಲೇಜಿನ ಸರಾಸರಿಗಿಂತ 220 ಅಂಕ ಕಡಿಮೆ ಇತ್ತು. 1600ಕ್ಕೆ 220. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವವರ ನಡುವೆ ಇದು ಸಣ್ಣ ಹಳ್ಳವಲ್ಲ.

ಇಷ್ಟು ಕೇಳಿದರೆ ಯಾರಿಗಾದರೂ ಹೊಳೆಯುವ ಪರಿಹಾರ ಒಂದೇ: ಗೇಟು ಎತ್ತರ ಮಾಡಿ. ಅಮೆರಿಕ 40 ವರ್ಷದಿಂದ ಮಾಡಿದ್ದು ಅದನ್ನೇ. ಅದರ ಕಥೆ ಸ್ವಲ್ಪ ನಿಧಾನವಾಗಿ ನೋಡಬೇಕು.

ಜಾರ್ಜಿಯಾ ಯೂನಿವರ್ಸಿಟಿಯಲ್ಲಿ ಜ್ಯಾನ್ ಕೆಂಪ್ ಎಂಬ ಇಂಗ್ಲಿಷ್ ಮೇಡಂ ಇದ್ದರು. ಓದಿನಲ್ಲಿ ಹಿಂದಿದ್ದವರಿಗೆ ಪಾಠ ಹೇಳುವ ವಿಭಾಗ ಅವರದು. 1981ರ ಕೊನೆಯಲ್ಲಿ ಒಂಬತ್ತು ಫುಟ್ಬಾಲ್ ಆಟಗಾರರು ಆ ಕೋರ್ಸಿನಲ್ಲಿ ಫೇಲಾದರು. ಆದರೂ ಅವರನ್ನು ಮುಂದಿನ ಹಂತಕ್ಕೆ ದಾಟಿಸಲಾಯಿತು. ಯಾಕೆಂದರೆ ಹೊಸ ವರ್ಷದ ದಿನ ಸೀಸನ್ ಕೊನೆಯ ದೊಡ್ಡ ಪಂದ್ಯ ಶುಗರ್ ಬೌಲ್ ಇತ್ತು. ಕೆಂಪ್ ಇದನ್ನು ಪ್ರಶ್ನಿಸಿದರು. ಮೊದಲು ಸ್ಥಾನ ಹೋಯಿತು, ಆಮೇಲೆ ಕೆಲಸವೇ ಹೋಯಿತು. ಅವರು ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಯೂನಿವರ್ಸಿಟಿಯ ವಕೀಲರು ತಮ್ಮ ಕಕ್ಷಿಗಾರರ ಪರವಾಗಿಯೇ ಒಂದು ಮಾತು ಆಡಿದರು. ಇಂಥ ಆಟಗಾರನನ್ನು ನಾವು ಕಾಲೇಜು ವಿದ್ಯಾರ್ಥಿ ಮಾಡಲಾರೆವೇನೋ, ಆದರೆ ಓದು ಬರಹ ಕಲಿಸಿದರೆ ಕಸ ಎತ್ತುವ ಬದಲು ಪೋಸ್ಟಾಫೀಸಿನಲ್ಲಾದರೂ ಕೆಲಸ ಮಾಡಿಕೊಂಡಿರಬಹುದು ಅಂತ. ಇದು ಸಮರ್ಥನೆ! 1986ರಲ್ಲಿ ಜ್ಯೂರಿ ಕೆಂಪ್ ಅವರಿಗೆ 25 ಲಕ್ಷ ಡಾಲರಿಗೂ ಮೀರಿ ಪರಿಹಾರ ಕೊಡಿಸಿತು. ಆಮೇಲೆ ಆ ಮೊತ್ತ ಇಳಿಯಿತು, ಆದರೆ ಯೂನಿವರ್ಸಿಟಿಯ ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು.

ಮೂರು ವರ್ಷದ ಬಳಿಕ ಇನ್ನೊಂದು. ಡೆಕ್ಸ್‌ಟರ್ ಮ್ಯಾನ್ಲಿ ವಾಷಿಂಗ್ಟನ್ ತಂಡದ ದೊಡ್ಡ ಆಟಗಾರ, ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವರು. 1989ರಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತು ಕಣ್ಣೀರು ಹಾಕುತ್ತಾ ಹೇಳಿದರು: ನನಗೆ ಓದಲು ಬರುತ್ತಿರಲಿಲ್ಲ. ಒಕ್ಲಹೋಮಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ್ದವರು ಅವರು. ಓದುವ ಮಟ್ಟ ಎರಡನೇ ಕ್ಲಾಸಿನ ಮಗುವಿನದು.

ನಾಲ್ಕು ವರ್ಷ ಯಾವ ಮೇಷ್ಟರಿಗೂ ಗೊತ್ತಾಗಲಿಲ್ಲವೇ? ಗೊತ್ತಾಗದೆ ಏನು.

ಇಂಥ ಕಥೆಗಳು ಗುಲ್ಲಾಗುತ್ತಿದ್ದ ಹೊತ್ತಿನಲ್ಲೇ ಎನ್‌ಸಿಎಎ ‘ಪ್ರೊಪೊಸಿಷನ್ 48’ ತಂದಿತು. 1983ರಲ್ಲಿ ಒಪ್ಪಿಗೆ ಸಿಕ್ಕಿ 1986ರಿಂದ ಜಾರಿಯಾಯಿತು. 11 ಮುಖ್ಯ ಕೋರ್ಸಿನಲ್ಲಿ 2.0 ಜಿಪಿಎ, ಜೊತೆಗೆ ಎಸ್‌ಎಟಿಯಲ್ಲಿ 700. ಎರಡರಲ್ಲಿ ಒಂದು ಮಾತ್ರ ಇದ್ದರೆ ಮೊದಲ ವರ್ಷ ಆಟವಿಲ್ಲ. ಆಗಲೇ ಜಗಳ ಶುರು. ಕಪ್ಪು ಜನರ ಕಾಲೇಜುಗಳ ಮುಖ್ಯಸ್ಥರು ಇದು ನಮ್ಮ ಮಕ್ಕಳಿಗೆ ಬಾಗಿಲು ಹಾಕುವ ಉಪಾಯ ಎಂದರು. ಹೊರಗುಳಿದವರಲ್ಲಿ ಹೆಚ್ಚಿನವರು ಕಪ್ಪು ಹುಡುಗರೇ ಆದ್ದರಿಂದ ಆ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಆದರೆ ಸಮಾಜಶಾಸ್ತ್ರಜ್ಞ ಹ್ಯಾರಿ ಎಡ್ವರ್ಡ್ಸ್ ಕೂಡ ಕಪ್ಪು ಸಮುದಾಯದವರೇ, ಅವರು ನಿಯಮದ ಪರ ನಿಂತರು. ಕಡಿಮೆ ನಿರೀಕ್ಷೆ ಇಟ್ಟುಕೊಳ್ಳುವುದೇ ನಮ್ಮ ಹುಡುಗರಿಗೆ ಮಾಡುವ ಅವಮಾನ ಎನ್ನುವುದು ಅವರ ನಿಲುವು. ನನ್ನನ್ನು ಕೇಳಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಈ ಜಗಳ ಇನ್ನೂ ಮುಗಿದಿಲ್ಲ.

ಈ ನಿಯಮಕ್ಕೆ ಸಿಕ್ಕವರಲ್ಲಿ ಟೋನಿ ರೈಸ್ ಒಬ್ಬರು. ಅವರು 1986ರಲ್ಲಿ ನೋಟರ್ ಡೇಮ್ ಸೇರಿದರು. ಪರೀಕ್ಷೆಯ ಅಂಕ ಸಾಲದೆ ಒಂದು ವರ್ಷ ಆಟ ನೋಡುತ್ತಾ ಕೂರಬೇಕಾಯಿತು. 1988ರಲ್ಲಿ ಅದೇ ರೈಸ್ ಕ್ವಾರ್ಟರ್‌ಬ್ಯಾಕ್, ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್. ನಿಯಮದ ಪರ ಇರುವವರು ಹೇಳುತ್ತಾರೆ, ನೋಡಿ, ಒಂದು ವರ್ಷ ಪುಸ್ತಕದ ಮುಂದೆ ಕೂರಿಸಿದ್ದು ಒಳ್ಳೆಯದೇ ಆಯಿತಲ್ಲ. ವಿರೋಧಿಸುವವರೂ ಅವರನ್ನೇ ತೋರಿಸುತ್ತಾರೆ, ಆ ಪರೀಕ್ಷೆ ಇಂಥವನನ್ನು ಕಾಲೇಜಿಗೆ ಲಾಯಕ್ಕಲ್ಲ ಅಂದಿತ್ತಲ್ಲ ಅಂತ.

1989ರಲ್ಲಿ ಹಗ್ಗ ಇನ್ನೂ ಬಿಗಿಯಾಯಿತು. ‘ಪ್ರೊಪೊಸಿಷನ್ 42’ ಪ್ರಕಾರ ಅರ್ಧ ಅರ್ಹತೆ ಇದ್ದವರಿಗೆ ಸ್ಕಾಲರ್‌ಶಿಪ್ಪೂ ಇಲ್ಲ. ಬಡ ಹುಡುಗನಿಗೆ ಇದರರ್ಥ ಕಾಲೇಜೇ ಇಲ್ಲ. ಆ ಜನವರಿ 14ರಂದು ಜಾರ್ಜ್‌ಟೌನ್‌ನ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಪಂದ್ಯ ಶುರುವಾಗುವ ಹೊತ್ತಿಗೆ, ಸದಾ ಹೆಗಲ ಮೇಲಿರುತ್ತಿದ್ದ ಬಿಳಿ ಟವೆಲನ್ನು ಪಕ್ಕದವರ ಕೈಗಿಟ್ಟು ಅಂಕಣದಿಂದ ಹೊರನಡೆದರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಆರಡಿ ಹತ್ತಿಂಚಿನ ಮನುಷ್ಯ ಎದ್ದು ಹೋದದ್ದೇ ಸುದ್ದಿ. ಮುಂದಿನ ವರ್ಷ ನಿಯಮ ಸಡಿಲವಾಯಿತು. ಆಟದ ಹೆಸರಿನಲ್ಲಿ ಬೇಡ, ಬಡತನದ ಹೆಸರಿನಲ್ಲಿ ಸಹಾಯಧನ ಕೊಡಬಹುದು ಎಂದಾಯಿತು.

1996ರಲ್ಲಿ ಕೋರ್ಸುಗಳು 13ಕ್ಕೇರಿದವು. ಕಪ್ಪು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1999ರಲ್ಲಿ ಕೆಳಗಿನ ಕೋರ್ಟು ಈ ನಿಯಮ ತಾರತಮ್ಯ ಮಾಡುತ್ತದೆ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಿರುಗಿಸಿತು. ತಾರತಮ್ಯ ಇಲ್ಲ ಅಂತಲ್ಲ, ವಿದ್ಯಾರ್ಥಿಗಳು ನೆಚ್ಚಿಕೊಂಡಿದ್ದ ತಾರತಮ್ಯ ತಡೆಯುವ ಕಾನೂನು ಎನ್‌ಸಿಎಎಗೆ ಈ ವಿಷಯದಲ್ಲಿ ಅನ್ವಯಿಸುವುದಿಲ್ಲ ಅಂತ. ವಕೀಲರಿಗೆ ಖುಷಿ ಕೊಡುವ ಗೆಲುವು ಇದು.

2003ಕ್ಕೆ ತಕ್ಕಡಿ ಪದ್ಧತಿ ಪೂರ್ತಿಯಾಗಿ ಬಂತು. ಜಿಪಿಎ ಏರಿದಷ್ಟೂ ಎಸ್‌ಎಟಿ ಇಳಿಯಬಹುದು. 3.55 ಜಿಪಿಎ ಇದ್ದವನಿಗೆ ಎಸ್‌ಎಟಿಯಲ್ಲಿ 400 ಬಂದರೂ ಸಾಕು. 400 ಅಂದರೆ ಎಷ್ಟು ಗೊತ್ತಾ? ಆಗಿನ ಎಸ್‌ಎಟಿಯಲ್ಲಿ ಅದಕ್ಕಿಂತ ಕೆಳಗೆ ಅಂಕವೇ ಇರಲಿಲ್ಲ. ಪರೀಕ್ಷೆಗೆ ಹೋಗಿ ಕೂತು ಬಂದವನಿಗೂ ಸಿಗುವಂಥದ್ದು.

ಈಗ ಸಮಸ್ಯೆ ಎಲ್ಲಿಗೆ ಸರಿಯಿತು ನೋಡಿ. ಎಸ್‌ಎಟಿ ಹೊರಗಿನವರು ಮಾಡುವ ಪರೀಕ್ಷೆ. ಜಿಪಿಎ ಶಾಲೆಯೇ ಕೊಡುವ ಅಂಕ. ಊರಿನ ಹೆಮ್ಮೆಯ ಆಟಗಾರನಿಗೆ ಸಿ ಕೊಡುವ ಧೈರ್ಯ ಎಷ್ಟು ಮೇಷ್ಟರಿಗಿರುತ್ತದೆ? ಊರಿನ ಶಾಲೆ ಕೊಡದಿದ್ದರೆ ಕೊಡುವ ಶಾಲೆ ಹುಡುಕಿದರಾಯಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುತ್ತಾರಲ್ಲ, ಹಾಗೆ. 2005ರಲ್ಲಿ ಮಯಾಮಿಯ ಒಂದು ಅಂಚೆ ಶಾಲೆ ಸುದ್ದಿಗೆ ಬಂತು. ಅಲ್ಲಿ ಕ್ಲಾಸೇ ನಡೆಯುತ್ತಿರಲಿಲ್ಲ. 399 ಡಾಲರ್ ಕಟ್ಟಿದರೆ ಹೈಸ್ಕೂಲ್ ಸರ್ಟಿಫಿಕೇಟ್. ಅದನ್ನು ಹಿಡಿದು ದೊಡ್ಡ ದೊಡ್ಡ ತಂಡ ಸೇರಿದ ಫುಟ್ಬಾಲ್ ಹುಡುಗರಿದ್ದರು. ಎನ್‌ಸಿಎಎ ಎಚ್ಚೆತ್ತು, ಒಪ್ಪದ ಶಾಲೆಗಳ ಪಟ್ಟಿ ಮಾಡತೊಡಗಿತು. 2010ರ ಹೊತ್ತಿಗೆ ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿಯ ದೂರಶಿಕ್ಷಣ ಕೋರ್ಸುಗಳನ್ನೂ ಒಪ್ಪುವುದಿಲ್ಲ ಎಂದಿತು. ಅದುವರೆಗೆ ಹಳೆಯ ಕೆಟ್ಟ ಗ್ರೇಡನ್ನು ಹತ್ತೇ ದಿನದಲ್ಲಿ ಒಳ್ಳೆಯ ಗ್ರೇಡಿನಿಂದ ತೊಳೆಯಲು ಅದು ಸಲೀಸು ದಾರಿಯಾಗಿತ್ತು.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. 2021ರ ಆಗಸ್ಟಿನಲ್ಲಿ ಇಎಸ್‌ಪಿಎನ್ ಚಾನೆಲಿನಲ್ಲಿ ಒಂದು ಹೈಸ್ಕೂಲ್ ಪಂದ್ಯ ನೇರಪ್ರಸಾರವಾಯಿತು. ಫ್ಲೋರಿಡಾದ ಐಎಂಜಿ ಅಕಾಡೆಮಿ ಎದುರು ಒಹಾಯೊದ ಬಿಷಪ್ ಸೈಕಮೋರ್. ಸ್ಕೋರು 58-0. ಆಟ ನಡೆಯುತ್ತಿದ್ದಾಗಲೇ ಕಾಮೆಂಟರಿ ಹೇಳುತ್ತಿದ್ದವರಿಗೆ ಅನುಮಾನ ಬಂತು, ಈ ತಂಡದ ಬಗ್ಗೆ ಹೇಳಿದ್ದು ಯಾವುದೂ ತಾಳೆಯಾಗುತ್ತಿಲ್ಲವಲ್ಲ ಅಂತ. ಆಮೇಲೆ ಒಹಾಯೊ ಶಿಕ್ಷಣ ಇಲಾಖೆ ತನಿಖೆ ಮಾಡಿತು. ತಂಡ ಇತ್ತು, ಸಮವಸ್ತ್ರ ಇತ್ತು, ಕೋಚ್ ಇದ್ದರು. ಶಾಲೆಯೊಂದು ಇರಲಿಲ್ಲ.

2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದವು, ಎಸ್‌ಎಟಿ ಬೇಕಿಲ್ಲ ಅಂದರು. 2023ರ ಜನವರಿಯಲ್ಲಿ ಅದನ್ನೇ ಕಾಯಂ ಮಾಡಿದರು. ಬಡವರ ಮಕ್ಕಳಿಗೆ ಆ ಪರೀಕ್ಷೆ ಅಡ್ಡಗೋಡೆಯಾಗಿತ್ತು ಎಂಬುದು ನಿಜ. ಆದರೆ ಈಗ ಮೊದಲ ಗೇಟಿನಲ್ಲಿ ಉಳಿದಿರುವುದು ಶಾಲೆ ಕೊಡುವ ಆ ಒಂದೇ ಅಂಕ. ಕೋರ್ಸುಗಳು 11ರಿಂದ 16 ಆದವು, 2.0 ಹೋಗಿ 2.3 ಆಯಿತು. ಗೇಟು ಎತ್ತರವಾಯಿತು, ನಿಜ. ಅದರ ಬೀಗದ ಕೈ ಮಾತ್ರ ಹುಡುಗ ಗೆಲ್ಲಲಿ ಎಂದು ಬಯಸುವವರ ಕೈಯಲ್ಲೇ ಇದೆ.

ನನಗೆ ಮುಖ್ಯ ಅನ್ನಿಸುವುದು ಇಲ್ಲಿಂದ ಮುಂದಿನದು. ಈ 40 ವರ್ಷದ ಜಗಳದಲ್ಲಿ ಅಳತೆಗೋಲು ಹಿಡಿದದ್ದು ಹುಡುಗನ ಮೇಲೆ. ಅವನನ್ನು ಒಳಗೆ ಕರೆದುಕೊಂಡ ಕಾಲೇಜು ಏನು ಕಲಿಸಿತು ಎಂದು ಅಳೆದದ್ದು ಕಡಿಮೆ, ಅಳೆದಾಗಲೂ ಕಾಟಾಚಾರಕ್ಕೆ.

ಕಾಲೇಜನ್ನು ಅಳೆಯಲೆಂದು 2004ರಲ್ಲಿ ತಂದದ್ದು ಎಪಿಆರ್ ಎಂಬ ಅಂಕ. ಲೆಕ್ಕ ಸುಲಭ. ಸ್ಕಾಲರ್‌ಶಿಪ್ ಇರುವ ಪ್ರತಿ ಆಟಗಾರನಿಗೆ ಪ್ರತಿ ಸೆಮಿಸ್ಟರಿಗೆ ಎರಡು ಅಂಕ. ಆಡುವ ಅರ್ಹತೆ ಉಳಿಸಿಕೊಂಡರೆ ಒಂದು, ಕಾಲೇಜು ಬಿಡದಿದ್ದರೆ ಇನ್ನೊಂದು. ಅಂಥ 85 ಆಟಗಾರರಿರುವ ತಂಡಕ್ಕೆ ವರ್ಷಕ್ಕೆ ಒಟ್ಟು 340. ಬಂದದ್ದನ್ನು ಸಾವಿರಕ್ಕೆ ಪರಿವರ್ತಿಸಿ, ನಾಲ್ಕು ವರ್ಷದ ಸರಾಸರಿ ತೆಗೆದು, 930 ದಾಟಿದೆಯಾ ನೋಡುತ್ತಾರೆ. ಒಂದೇ ವರ್ಷದ ಲೆಕ್ಕ ಹಿಡಿದರೆ, 23 ಅಂಕ ಕಳೆದುಕೊಂಡ ತಂಡ ಪಾಸ್, 24 ಕಳೆದುಕೊಂಡದ್ದು ಫೇಲ್. ಫೇಲಾದರೆ ಸೀಸನ್ ಮುಗಿದ ಮೇಲಿನ ದೊಡ್ಡ ಪಂದ್ಯಗಳಿಲ್ಲ. 2013ರಲ್ಲಿ ಕನೆಕ್ಟಿಕಟ್ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡವೇ ಹೀಗೆ ಹೊರಗುಳಿಯಿತು. ತಮಾಷೆಯೂ ಉಂಟು. 2015ರಲ್ಲಿ ಫುಟ್ಬಾಲಿನ ಅಂಥ ಪಂದ್ಯಗಳಿಗೆ, ಅಂದರೆ ಬೌಲ್ ಪಂದ್ಯಗಳಿಗೆ, ಸಾಕಷ್ಟು ಗೆದ್ದ ತಂಡಗಳೇ ಸಿಗಲಿಲ್ಲ. ಆಗ 5 ಗೆದ್ದು 7 ಸೋತ ತಂಡಗಳಲ್ಲಿ ಎಪಿಆರ್ ಜಾಸ್ತಿ ಇದ್ದವರನ್ನು ಕರೆದರು. ನೆಬ್ರಾಸ್ಕಾ ಹಾಗೆ ಓದಿನ ಬಲದಿಂದ ಒಳಗೆ ಬಂದು ಯುಸಿಎಲ್ಎ ತಂಡವನ್ನು ಸೋಲಿಸಿಯೇಬಿಟ್ಟಿತು.

ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಎಪಿಆರ್ ಅಳೆಯುವುದು ಕಲಿಕೆಯನ್ನಲ್ಲ, ಅರ್ಹತೆ ಉಳಿಯಿತೇ ಎಂಬುದನ್ನು. ಅರ್ಹತೆ ಉಳಿಸುವ ಅತಿ ಸುಲಭ ದಾರಿ ಚೆನ್ನಾಗಿ ಕಲಿಸುವುದಲ್ಲ, ಸುಲಭದ ಕೋರ್ಸಿಗೆ ಹಾಕುವುದು.

ಆ ದಾರಿಯ ತುದಿ ಹೇಗಿರುತ್ತದೆ ಎನ್ನುವುದಕ್ಕೆ ನಾರ್ತ್ ಕೆರೊಲೈನಾ ಯೂನಿವರ್ಸಿಟಿಯ ಚಾಪಲ್ ಹಿಲ್ ಕ್ಯಾಂಪಸ್ ಇದೆ. ಅಮೆರಿಕದ ಹಳೆಯ, ಮರ್ಯಾದಸ್ಥ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಒಂದು. ಅಲ್ಲಿನ ಆಫ್ರಿಕನ್ ಅಧ್ಯಯನ ವಿಭಾಗದಲ್ಲಿ 18 ವರ್ಷ ‘ಪೇಪರ್ ಕ್ಲಾಸ್’ಗಳು ನಡೆದವು. ಪಾಠ ಇಲ್ಲ, ಹಾಜರಿ ಇಲ್ಲ, ಮೇಷ್ಟರ ಮುಖ ನೋಡುವ ಹಾಗೂ ಇಲ್ಲ. ಕೊನೆಯಲ್ಲಿ ಒಂದು ಪ್ರಬಂಧ ಕೊಟ್ಟರೆ ಸಾಕು. ಅದಕ್ಕೆ ಅಂಕ ಹಾಕುತ್ತಿದ್ದದ್ದು ಪ್ರೊಫೆಸರ್ ಅಲ್ಲ, ವಿಭಾಗದ ಆಫೀಸಿನ ಗುಮಾಸ್ತೆ. 2014ರ ಅಕ್ಟೋಬರಿನಲ್ಲಿ ಹೊರಬಂದ ತನಿಖಾ ವರದಿಯ ಪ್ರಕಾರ ಈ ಕ್ಲಾಸುಗಳಿಗೆ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಸರು ಬರೆಸಿದ್ದರು. ಹಾಗೆ ಬರೆಸಿದ ಹೆಸರುಗಳಲ್ಲಿ ಅರ್ಧದ ಹತ್ತಿರ ಆಟಗಾರರದು.

ಆ ವರದಿಯಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಒಂದು ಸ್ಲೈಡು. ಗುಮಾಸ್ತೆ 2009ರಲ್ಲಿ ನಿವೃತ್ತರಾದರು. ಆಟಗಾರರ ಓದು ನೋಡಿಕೊಳ್ಳುವ ಸಲಹೆಗಾರರು ಗಾಬರಿಯಾಗಿ ಫುಟ್ಬಾಲ್ ಕೋಚ್‌ಗಳಿಗೆ ಸಭೆ ಕರೆದು ವಿವರಿಸಿದರು. ಇಷ್ಟು ದಿನ ನಮ್ಮ ಹುಡುಗರು ಕ್ಲಾಸಿಗೆ ಹೋಗಬೇಕಿರಲಿಲ್ಲ, ನೋಟ್ಸ್ ಬರೆಯಬೇಕಿರಲಿಲ್ಲ, ನಿದ್ದೆ ತಡೆದು ಕೂರಬೇಕಿರಲಿಲ್ಲ, ಪ್ರೊಫೆಸರನ್ನು ಕಾಣಬೇಕಿರಲಿಲ್ಲ. ಕೊನೆಗೆ ದೊಡ್ಡ ಅಕ್ಷರದಲ್ಲಿ: ಅಂಥ ಕ್ಲಾಸುಗಳು ಇನ್ನಿಲ್ಲ! ಕದ್ದುಮುಚ್ಚಿ ಆಡಿದ ಮಾತಲ್ಲ ಇದು. ರೇಷನ್ ಅಂಗಡಿಯಲ್ಲಿ ಸಕ್ಕರೆ ಖಾಲಿಯಾಗಿದೆ ಅಂತ ಬೋರ್ಡು ಹಾಕಿದ ಹಾಗೆ.

ಎನ್‌ಸಿಎಎ ಏನು ಮಾಡಿತು? ವರ್ಷಗಟ್ಟಲೆ ವಿಚಾರಿಸಿ 2017ರ ಅಕ್ಟೋಬರಿನಲ್ಲಿ ಹೇಳಿತು: ಈ ಕ್ಲಾಸುಗಳು ಆಟಗಾರರಿಗೆ ಮಾತ್ರವಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು. ಹಾಗಾಗಿ ಆಟಗಾರರಿಗೆ ವಿಶೇಷ ಲಾಭ ಕೊಟ್ಟಂತಾಗಲಿಲ್ಲ. ಕೋರ್ಸಿನ ಗುಣಮಟ್ಟ ಯೂನಿವರ್ಸಿಟಿಗೆ ಬಿಟ್ಟದ್ದು. ಹೈಸ್ಕೂಲ್ ಹುಡುಗನ ಬೀಜಗಣಿತ ಕೋರ್ಸು ‘ಮುಖ್ಯ’ವೋ ಅಲ್ಲವೋ ಎಂದು ಭೂತಗನ್ನಡಿ ಹಿಡಿದು ನೋಡುವ ಸಂಸ್ಥೆ ಇದು. ಕಾಲೇಜಿನ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟಿತು.

ಎಲ್ಲ ಕಡೆ ಚಾಪಲ್ ಹಿಲ್ ನಡೆಯುವುದಿಲ್ಲ. ಸಾಮಾನ್ಯವಾಗಿ ನಡೆಯುವುದು ಇನ್ನೂ ಮೆತ್ತಗಿನದು. ಜಿಮ್ ಹಾರ್ಬಾ 1980ರ ದಶಕದಲ್ಲಿ ಮಿಶಿಗನ್ ತಂಡದ ಕ್ವಾರ್ಟರ್‌ಬ್ಯಾಕ್. 2007ರಲ್ಲಿ ಸ್ಟ್ಯಾನ್‌ಫರ್ಡ್ ಕೋಚ್ ಆಗಿದ್ದಾಗ ಹೇಳಿದರು: ನನಗೆ ಇತಿಹಾಸ ಓದಬೇಕಿತ್ತು, ಅದಕ್ಕೆ ಜಾಸ್ತಿ ಹೊತ್ತು ಬೇಕು, ಬೇಡ ಅಂದರು ಮಿಶಿಗನ್‌ನವರು. ಮಿಶಿಗನ್ ಅಭಿಮಾನಿಗಳು ಕೆಂಡಾಮಂಡಲವಾದರು. ಏಳು ವರ್ಷದ ಮೇಲೆ ಅದೇ ಮಿಶಿಗನ್ ಅವರನ್ನು ಕರೆದು ಕೋಚ್ ಮಾಡಿಕೊಂಡಿತು. ಗೆಲ್ಲುವವರ ಹಳೆಯ ಮಾತು ಯಾರಿಗೆ ನೆನಪಿರುತ್ತದೆ!

ಬೇರೆ ದಾರಿ ಹಿಡಿದವರೂ ಇದ್ದಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಕೋಚ್ ಬೇಕೆಂದರೂ ಹುಡುಗ ಎಲ್ಲರಂತೆ ಅರ್ಜಿ ತುಂಬಿ, ಪ್ರವೇಶ ಕಚೇರಿ ಹೂಂ ಅನ್ನುವವರೆಗೆ ಕಾಯಬೇಕು. ಹಾರ್ವರ್ಡ್, ಯೇಲ್ ಇರುವ ಐವಿ ಲೀಗಿನಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ. ಅಲ್ಲಿ ‘ಅಕಾಡೆಮಿಕ್ ಇಂಡೆಕ್ಸ್’ ಎಂಬ ಲೆಕ್ಕವಿದೆ. ಆಟಗಾರರ ಸರಾಸರಿ, ಉಳಿದ ವಿದ್ಯಾರ್ಥಿಗಳ ಸರಾಸರಿಗಿಂತ ಒಂದು ಮಿತಿ ಮೀರಿ ಕೆಳಗಿಳಿಯಬಾರದು. ಹುಡುಗನನ್ನು ಹುಡುಗನ ಜೊತೆಯಲ್ಲ, ಕಾಲೇಜಿನ ಜೊತೆ ಹೋಲಿಸುವ ಈ ಯೋಚನೆ ನನಗೆ ಇಷ್ಟ. ಆದರೆ ಅಲ್ಲೂ ಎಲ್ಲ ಸಾಚಾ ಅಲ್ಲ. ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದಂತೆ, ಕೋಚ್ ಆರಿಸಿದ ಆಟಗಾರರಲ್ಲಿ 100ಕ್ಕೆ 86 ಜನಕ್ಕೆ ಸೀಟು ಸಿಗುತ್ತಿತ್ತು. ಅಷ್ಟು ಸಲೀಸಾದ ಬಾಗಿಲಿಗೆ ಶ್ರೀಮಂತರ ಕಣ್ಣು ಬೀಳದೆ ಇರುತ್ತದೆಯೇ? 2019ರಲ್ಲಿ ಬಯಲಾದ ‘ವಾರ್ಸಿಟಿ ಬ್ಲೂಸ್’ ಹಗರಣದಲ್ಲಿ ಆಡದ ಮಕ್ಕಳನ್ನೂ ಆಟಗಾರರೆಂದು ತೋರಿಸಿ ಸೀಟು ಕೊಂಡಿದ್ದರು. ಒಬ್ಬ ಹುಡುಗನನ್ನು ಫುಟ್ಬಾಲ್ ಕಿಕ್ಕರ್ ಮಾಡುವ ಯೋಜನೆಯೂ ಇತ್ತು. ಅವನ ಶಾಲೆಯಲ್ಲಿ ಫುಟ್ಬಾಲ್ ತಂಡವೇ ಇರಲಿಲ್ಲ. ಸ್ಪೋರ್ಟ್ಸ್ ಕೋಟಾ ಸರ್ಟಿಫಿಕೇಟಿನ ಮಹಿಮೆ ನಮಗೆ ಹೊಸದೇನೂ ಅಲ್ಲ ಬಿಡಿ.

ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಿನದು ಇನ್ನೊಂದು ಪಾಠ. 2013ರಲ್ಲಿ ಅಲ್ಲಿನ ಫುಟ್ಬಾಲ್ ತಂಡದಲ್ಲಿ ಡಿಗ್ರಿ ಮುಗಿಸಿದವರ ಪ್ರಮಾಣ 100ಕ್ಕೆ 44 ಎಂದು ಲೆಕ್ಕ ಬಂತು. ಅದೂ ಎನ್‌ಸಿಎಎಯ ಉದಾರ ಲೆಕ್ಕದಲ್ಲಿ. ಸರ್ಕಾರದ ಲೆಕ್ಕದಲ್ಲಿ ಕಾಲೇಜು ಬಿಟ್ಟು ಬೇರೆಡೆ ಹೋದವನು ‘ಮುಗಿಸದವನು’. ಎನ್‌ಸಿಎಎ ಲೆಕ್ಕದಲ್ಲಿ ಅಂಕ ಸರಿಯಿದ್ದು ಬಿಟ್ಟವನು ಲೆಕ್ಕಕ್ಕೇ ಇಲ್ಲ. ಅಷ್ಟು ಉದಾರ ತಕ್ಕಡಿಯಲ್ಲೂ 44. ಬರ್ಕ್ಲಿ ನಾಚಿಕೊಂಡಿತು. ಆಟಗಾರರ ಪ್ರವೇಶ ನಿಯಮ ಬಿಗಿ ಮಾಡಿತು. ಮತ್ತೆ ಅದೇ, ಗೇಟಿನ ರಿಪೇರಿ.

ಈಗ ದುಡ್ಡು ನೇರವಾಗಿ ಒಳಗೆ ಬಂದಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಮಾರಿಕೊಂಡು ದುಡಿಯಬಹುದು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ಸಂಬಳದಂಥ ಪಾಲು ಕೊಡುತ್ತಿವೆ. ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. 2024ರಿಂದ ಓದಿನ ಅರ್ಹತೆ ಉಳಿಸಿಕೊಂಡವನು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದು. ದುಡಿದವರಿಗೆ ಕೂಲಿ ಸಿಗುತ್ತಿದೆ, ಅದು ನ್ಯಾಯವೇ. ಓದಿನ ಕಥೆ ಮಾತ್ರ ಇನ್ನೂ ಜಟಿಲವಾಗಿದೆ.

ಕಾರಣ ಕ್ರೆಡಿಟ್ಟು, ಅಂದರೆ ಮುಗಿಸಿದ ಕೋರ್ಸುಗಳ ಲೆಕ್ಕ. ಡಿಗ್ರಿಯನ್ನು ಇಷ್ಟು ವರ್ಷಕ್ಕೆ ಇಷ್ಟು ಪಾಲು ಮುಗಿಸಿರಬೇಕು ಎಂಬ ನಿಯಮ 2003ರಿಂದ ಇದೆ. ಎರಡು ವರ್ಷಕ್ಕೆ 40 ಪರ್ಸೆಂಟ್, ಮೂರಕ್ಕೆ 60, ನಾಲ್ಕಕ್ಕೆ 80 ಎಂದು ಶುರುವಾದದ್ದು. ಒಂದು ಕಾಲೇಜಿನಲ್ಲಿ ಮಾಡಿದ ಕೋರ್ಸನ್ನು ಇನ್ನೊಂದು ಕಾಲೇಜು ತನ್ನ ಡಿಗ್ರಿಗೆ ಒಪ್ಪಲೇಬೇಕೆಂದಿಲ್ಲ. ವಾಣಿಜ್ಯ ಓದುತ್ತಿದ್ದವನು ಹೊಸ ಕಾಲೇಜಿಗೆ ಹೋದಾಗ ಅರ್ಧ ಕೋರ್ಸು ಬಿದ್ದುಹೋಗುತ್ತವೆ. ಆಗ ಅವನ ಕ್ರೆಡಿಟ್ ಎಲ್ಲಿ ಹೊಂದುತ್ತದೋ ಆ ಡಿಗ್ರಿಗೆ ಹಾಕುತ್ತಾರೆ. ಅವನಿಗೆ ಇಷ್ಟವಾದದ್ದಕ್ಕಲ್ಲ. 2026ರಲ್ಲಿ ಕಾಲೇಜು ಬದಲಿಸಲು ಹೆಸರು ಕೊಡುವ ಅವಧಿ ಜನವರಿ 2ರಿಂದ 16. ಬಹಳಷ್ಟು ಕಡೆ ಹೊಸ ಸೆಮಿಸ್ಟರ್ ಶುರುವಾಗುವುದೂ ಆಸುಪಾಸಿನಲ್ಲೇ. ಕೋಚ್ ಮಾತಾಡಬೇಕು, ದುಡ್ಡು ಕುದುರಬೇಕು, ಅಂಕಪಟ್ಟಿ ತರಿಸಬೇಕು, ಪ್ರವೇಶ ಕಚೇರಿ ಓದಬೇಕು. ಇದರಲ್ಲಿ ಯಾವ ಕೆಲಸಕ್ಕೆ ಹೊತ್ತು ಸಾಲುವುದಿಲ್ಲ ಅಂತ ಬೇರೆ ಹೇಳಬೇಕೇ?

ಗೇಟು ಸರಿಯಾಗಿ ದಾಟಿ ಬಂದ ಒಬ್ಬನ ಕಥೆಯನ್ನೂ ಹೇಳಿಬಿಡುತ್ತೇನೆ. ಕೇನ್ ಕೋಲ್ಟರ್ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಕ್ವಾರ್ಟರ್‌ಬ್ಯಾಕ್. ಅದು ಓದಿಗೆ ಹೆಸರಾದ ಜಾಗ, ಆಟಗಾರರು ಡಿಗ್ರಿ ಮುಗಿಸುವುದರಲ್ಲೂ ಮುಂದು. ಕೋಲ್ಟರ್‌ಗೆ ಡಾಕ್ಟರ್ ಆಗುವ ಆಸೆಯಿತ್ತು. ಆಟಗಾರರು ಕಾಲೇಜಿನ ನೌಕರರೇ ಅಲ್ಲವೇ ಎಂಬ ವಿಚಾರಣೆಯಲ್ಲಿ, 2014ರಲ್ಲಿ ಕಾರ್ಮಿಕ ಮಂಡಳಿಯ ಮುಂದೆ ಸಾಕ್ಷಿ ಹೇಳಿದರು. ವೈದ್ಯಕೀಯಕ್ಕೆ ಬೇಕಾದ ಕೆಮಿಸ್ಟ್ರಿ ಕ್ಲಾಸು ಬೆಳಗ್ಗೆ ಇತ್ತು, ಪ್ರಾಕ್ಟೀಸೂ ಬೆಳಗ್ಗೆ ಇತ್ತು. ಪ್ರಾಕ್ಟೀಸ್ ಬಿಡುವಂತಿರಲಿಲ್ಲ. ನಿಯಮದ ಪ್ರಕಾರ ಆಟಕ್ಕೆ ವಾರಕ್ಕೆ 20 ಗಂಟೆ ಮಾತ್ರ. ಸೀಸನ್ನಿನಲ್ಲಿ ನಿಜಕ್ಕೂ ಆಗುವುದು 40ರಿಂದ 50 ಎಂದು ಮಂಡಳಿಯ ಅಧಿಕಾರಿ ತೀರ್ಪಿನಲ್ಲಿ ಬರೆದರು. ಆಟಗಾರರನ್ನು ನೌಕರರು ಅಂದ ಆ ತೀರ್ಪು ಮರುವರ್ಷ ಮಂಡಳಿಯಲ್ಲೇ ಬಿದ್ದುಹೋಯಿತು. ಕೋಲ್ಟರ್ ಕೆಮಿಸ್ಟ್ರಿ ಬಿಟ್ಟು ಸೈಕಾಲಜಿ ಓದಿದರು. ತಂಡದ ಎಪಿಆರ್ ಲೆಕ್ಕದಲ್ಲಿ ಅವರಿಗೆ ಪೂರ್ತಿ ಅಂಕ.